ಪರೇಲನ್ನು ಗುರಿಯ ಪಟ್ಟಿಗೆ ಸೇರಿಸಿದ ಬೇಸಿಗೆ

ಆ ಬೇಸಿಗೆಯಲ್ಲಿ ನನಗೆ ಒಪ್ಪಿಸಿದ್ದ ಕೆಲಸ ವಿಚಿತ್ರವಾದದ್ದು. ಮುಂಬಯಿಯ ಮೇಲೆ ಬಾಂಬು ಹಾಕಲು ಬರುವ ಶತ್ರುವಿನ ಕಣ್ಣಿನಿಂದ ಮುಂಬಯಿಯನ್ನು ನೋಡಬೇಕು; ಅವನು ಮೊದಲು ಎಲ್ಲಿ ಹಾಕಿಯಾನು, ಆಮೇಲೆ ಎಲ್ಲಿ ಹಾಕಿಯಾನು ಎಂದು ಪಟ್ಟಿ ಮಾಡಿ ಕೊಡಬೇಕು. ಆಗ ಯುದ್ಧವೇನೂ ಇರಲಿಲ್ಲ. ಐವತ್ತರ ದಶಕದ ನಡುವಿನ ಮಾತು. ಚೆಂಬೂರಿನ ಆಚೆ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಗಳು ಎದ್ದಿದ್ದವು, ಮತ್ತೆ ಯುದ್ಧ ಬಂದರೆ ಈ ನಗರದ ಗತಿ ಏನು ಎಂದು ಮೇಲಿನ ಯಾರಿಗೋ ಅನಿಸಿತ್ತು. ಸೈರನ್ ಎಲ್ಲಿ ಹಾಕಬೇಕು, ಜನ ಅಡಗಿಕೊಳ್ಳಲು ಆಸರೆಯ ತಗ್ಗುಗಳನ್ನು ಎಲ್ಲಿ ತೋಡಬೇಕು, ಬೆಂಕಿ ಆರಿಸುವ ಬಂಡಿಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ನನ್ನ ಪಟ್ಟಿ ನೋಡಿ ತೀರ್ಮಾನಿಸುತ್ತಾರೆ ಎಂದು ಹೇಳಿದರು.

ನಾನು ಅಷ್ಟರವರೆಗೆ ನಗರದ ಗಟಾರಗಳ ನಕಾಶೆ ಬರೆಯುತ್ತಿದ್ದವನು. ನನ್ನನ್ನು ಆರಿಸಿದ್ದಕ್ಕೆ ಕಾರಣ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡು ವರ್ಷ ಕಲ್ಕತ್ತೆಯ ಹತ್ತಿರ ಒಂದು ಸೆಣಬಿನ ಗಿರಣಿಯ ಗೋದಾಮಿನಲ್ಲಿ ಕೂತು, ಬರ್ಮಾದ ಮೇಲೆ ಹಾರಿದ ವಿಮಾನಗಳು ತಂದ ಫೋಟೋಗಳನ್ನು ಓದಿದ್ದುದು. ಈ ವಿಷಯದ ಬಗ್ಗೆ ನನ್ನ ನೌಕರಿಯ ಕಾಗದದಲ್ಲಿ ಒಂದು ಸಾಲು ಇತ್ತು. ಆ ಸಾಲನ್ನು ಯಾರೂ ಓದಲಾರರು ಎಂದುಕೊಂಡಿದ್ದೆ.

ದಾದರಿನಲ್ಲಿ ಒಂದು ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ನಮಗೆ ಎರಡು ಕೋಣೆ ಕೊಟ್ಟಿದ್ದರು. ಇದ್ದವರು ನಾಲ್ಕೇ ಜನ. ವಿಭಾಗದ ಮುಖ್ಯಸ್ಥರು ಮರಾಠಿಗರು, ಕಾಗದಪತ್ರದಲ್ಲಿ ಬಲು ಕಟ್ಟುನಿಟ್ಟು. ಸಲಹೆಗಾರರು ಪಂಜಾಬಿನ ಕಡೆಯವರು, ಯುದ್ಧದಲ್ಲಿ ಬ್ರಿಟಿಷರ ಬಾಂಬರ್ ದಳದ ಜೊತೆ ಹಾರಿ, ಬೆನ್ನು ನೋವಿಗೆ ಬೇಗ ನಿವೃತ್ತಿ ತೆಗೆದುಕೊಂಡವರು. ವಾರಕ್ಕೆ ಮೂರು ದಿನ ಬರುತ್ತಿದ್ದರು, ಹಿಂದುಸ್ತಾನಿಯಲ್ಲಿ ಮೆತ್ತಗೆ ಮಾತಾಡುತ್ತಿದ್ದರು. ಟೈಪಿಸ್ಟ್ ಮಂಗಳೂರಿನ ಹೆಣ್ಣುಮಗಳು, ಚೆಂಬೂರಿನಿಂದ ಬರುತ್ತಿದ್ದಳು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಕನ್ನಡ ಮಾತಾಡಲು ನನಗೆ ಅವಳೊಬ್ಬಳೇ. ನಾನು ಧಾರವಾಡದ ಮಾತು ಆಡಿದರೆ ಅವಳು ತಡೆದು ಇನ್ನೊಮ್ಮೆ ಹೇಳಿ ಅನ್ನುವಳು. ಅವಳ ಕನ್ನಡ ಪುಸ್ತಕದ ಹಾಗೆ ನನಗೆ ಕೇಳಿಸುತ್ತಿತ್ತು.

ಮೊದಲ ದಿನ ಒಂದು ತಗಡಿನ ಪೆಟ್ಟಿಗೆ ಬಂತು. ಅದರೊಳಗೆ ಕೊಲಾಬಾದಿಂದ ಚೆಂಬೂರಿನವರೆಗೆ ಇಡೀ ನಗರ, ಅಂಗೈ ಅಗಲದ ಚೌಕಗಳಲ್ಲಿ. ವಿಮಾನ ನೆಟ್ಟಗೆ ಹಾರುತ್ತ ಫೋಟೋ ತೆಗೆಯುವಾಗ ಒಂದು ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯುತ್ತಾರೆ. ಒಂದೇ ಜಾಗದ ಅಂಥ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ನಾಲ್ಕು ಕಾಲಿನ ಮೇಲೆ ನಿಂತ ಎರಡು ಮಸೂರಗಳ ಮೂಲಕ ನೋಡಬೇಕು. ಮೊದಲು ಎರಡೂ ಬೇರೆಬೇರೆ ಕಾಣುತ್ತವೆ. ಕಣ್ಣು ಸಡಿಲ ಬಿಟ್ಟು ಕೂತರೆ ಸ್ವಲ್ಪ ಹೊತ್ತಿನಲ್ಲಿ ಅವು ಒಂದರೊಳಗೊಂದು ಕೂಡಿಕೊಂಡು ಚಿಮಣಿಗಳು ಎದ್ದು ನಿಲ್ಲುತ್ತವೆ, ರಸ್ತೆಗಳು ಕೆಳಗಿಳಿಯುತ್ತವೆ. ನೆರಳಿನ ಉದ್ದ ಅಳೆದರೆ ಎತ್ತರ ಸಿಗುತ್ತದೆ. ಗರಗಸದ ಹಲ್ಲಿನಂಥ ಮಾಡು ಕಂಡರೆ ನೇಯುವ ಷೆಡ್ಡು. ಉದ್ದಕ್ಕೆ ಹಂಚಿನ ಮಾಡು, ನಡುವೆ ಸಣ್ಣ ಅಂಗಳ, ಅಂಗಳದಲ್ಲಿ ಬಿಳಿಯ ಚುಕ್ಕೆಗಳು ಕಂಡರೆ ಚಾಳು, ಗಿರಣಿಯವರು ಒಂದೊಂದು ಕೋಣೆಯಲ್ಲಿ ಬದುಕುವ ಕಟ್ಟಡ. ಆ ಚುಕ್ಕೆಗಳು ಒಣಗಲು ಹಾಕಿದ ಬಟ್ಟೆ.

ಕಣ್ಣು ಇದನ್ನು ಮರೆತಿರಲಿಲ್ಲ. ಎರಡನೆಯ ದಿನಕ್ಕೇ ಕೈ ತಾನಾಗಿ ಪೆನ್ಸಿಲ್ ಹಿಡಿದು ಗೆರೆ ಎಳೆಯತೊಡಗಿತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕೂತು, ನನ್ನ ರೂಮಿಗೆ ಬಂದು, ಮೋರೆ ತೊಳೆದು ಮಲಗಿದರೆ ಕಣ್ಣು ಮುಚ್ಚಿದಾಗಲೂ ಮಾಡುಗಳು ಎದ್ದು ನಿಲ್ಲುತ್ತಿದ್ದವು. ಹೆಂಡತಿ ಬಾಣಂತನಕ್ಕೆ ಧಾರವಾಡಕ್ಕೆ ಹೋಗಿದ್ದಳು. ಕಾಗದದಲ್ಲಿ ಅವಳಿಗೆ ಹೊಸ ಆಫೀಸಿನಲ್ಲಿ ಗಾಳಿ ಚೆನ್ನಾಗಿದೆ ಎಂದಷ್ಟೇ ಬರೆದೆ.

ಕೆಲಸದ ಕ್ರಮ ಹೀಗಿತ್ತು. ಒಂದೊಂದು ಗುರಿಯನ್ನೂ ಗುರುತಿಸಿ, ಅದರ ನಡುಬಿಂದುವಿನಿಂದ ಟ್ರೇಸಿಂಗ್ ಹಾಳೆಯ ಮೇಲೆ ಒಂದು ವೃತ್ತ ಎಳೆಯಬೇಕು. ಗುರಿಯಿಟ್ಟು ಹಾಕಿದ ಬಾಂಬುಗಳು ತಪ್ಪಿ ಎಲ್ಲಿಯವರೆಗೆ ಹೋಗಿ ಬೀಳುತ್ತವೆಯೋ ಅಲ್ಲಿಯವರೆಗೆ ವೃತ್ತ. ಅದರ ಅಳತೆಯನ್ನು ನಾನು ಪುಸ್ತಕದಿಂದ ತೆಗೆದದ್ದಲ್ಲ. ಕಲ್ಕತ್ತೆಯಲ್ಲಿದ್ದಾಗ, ದಾಳಿಯ ಮರುದಿನ ಬಾಂಬು ಬಿದ್ದ ಊರಿನ ಹೊಸ ಫೋಟೋ ಬರುತ್ತಿತ್ತು. ಬಾಂಬು ಬಿದ್ದ ಗುಂಡಿಗಳನ್ನು ಎಣಿಸಿ, ಗುರಿಯಿಂದ ಎಷ್ಟು ದೂರ ಎಂದು ಬರೆಯುವುದೇ ನನ್ನ ಅರ್ಧ ನೌಕರಿಯಾಗಿತ್ತು. ರೈಲು ಯಾರ್ಡಿಗೆಂದು ಹೊರಟದ್ದು ಯಾರ್ಡಿನಲ್ಲಿ ಬಿದ್ದಿರುತ್ತಿತ್ತು, ಸುತ್ತಲಿನ ಗದ್ದೆಯಲ್ಲಿ ಬಿದ್ದಿರುತ್ತಿತ್ತು, ಊರೊಳಗೂ ಬಿದ್ದಿರುತ್ತಿತ್ತು. ಮೇಲಿಂದ ನೋಡುವವನಿಗೆ ಎಲ್ಲ ಗುಂಡಿಯೂ ಒಂದೇ ಆಕಾರ.

ಅಲ್ಲಿ ನನ್ನ ಮೇಲಿದ್ದ ಅಧಿಕಾರಿ ಇನ್ನೊಂದು ಪಾಠ ಕಲಿಸಿದ್ದರು. ಇಂಜಿನ್ ಕೆಟ್ಟರೆ ಇನ್ನೊಂದು ತರಬಹುದು, ಹಳಿ ಕಿತ್ತರೆ ನಾಲ್ಕು ದಿನದಲ್ಲಿ ಹಾಕಬಹುದು, ಇಂಜಿನ್ ನಡೆಸುವವನು ಸಿಗುವುದಿಲ್ಲ. ಆದ್ದರಿಂದ ಯಾರ್ಡಿನ ಜೊತೆ ನೌಕರರ ಮನೆಗಳನ್ನೂ ಗುರುತು ಮಾಡು ಎಂದಿದ್ದರು. ನಾನು ಗುರುತು ಮಾಡುತ್ತಿದ್ದೆ. ಕೆಂಪು ಪೆನ್ಸಿಲ್ಲಿನಲ್ಲಿ ಮನೆಗಳ ಸಾಲಿನ ಸುತ್ತ ಒಂದು ಗೆರೆ, ಪಕ್ಕದಲ್ಲಿ ಒಂದು ಅಕ್ಷರ. ನನಗೆ ಆಗ ಇಪ್ಪತ್ತೆರಡು ವರ್ಷ. ಗೆರೆ ನಡುಗದೆ ಎಳೆಯುತ್ತೇನೆಂದು ಹೊಗಳಿಸಿಕೊಂಡಿದ್ದೆ.

ಮೂರನೆಯ ವಾರದಲ್ಲಿ ತೊಂದರೆ ಶುರುವಾಯಿತು. ಸೆಕೆಗೆ ಫೋಟೋಗಳು ಒಂದಕ್ಕೊಂದು ಅಂಟಿದವು. ಬಿಡಿಸಲು ಹೋದರೆ ಮೇಲಿನ ಪದರವೇ ಏಳುತ್ತಿತ್ತು. ಟೈಪಿಸ್ಟ್ ಮನೆಯಿಂದ ಅಕ್ಕಿ ತಂದು ಬಟ್ಟೆಯ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗಳಲ್ಲಿ ಇಟ್ಟಳು. ಅಕ್ಕಿ ತೇವ ಹೀರಿಕೊಂಡು ಸ್ವಲ್ಪ ಅನುಕೂಲವಾಯಿತು. ಬಟ್ಟೆ ಗಿರಣಿಗಳಿರುವ ಪರೇಲಿನ ಚಿತ್ರಗಳಲ್ಲಿ ಇನ್ನೊಂದು ಕಷ್ಟ. ಫೋಟೋ ತೆಗೆದ ದಿನ ಗಾಳಿ ಇರಲಿಲ್ಲವೆಂದು ಕಾಣುತ್ತದೆ, ಗಿರಣಿಗಳ ಹೊಗೆ ನೆಲಕ್ಕೇ ಕವಿದು ಐದಾರು ಚಿತ್ರಗಳಲ್ಲಿ ಬರೀ ಬೂದಿ. ಮತ್ತೆ ವಿಮಾನ ಹಾರಿಸಿರೆಂದು ಕೇಳಿದೆವು. ಮಳೆಗಾಲ ಮುಗಿಯುವವರೆಗೆ ಆಗುವುದಿಲ್ಲ, ವರದಿ ಮಳೆಗಿಂತ ಮುಂಚೆ ಬೇಕು ಎಂದು ಉತ್ತರ ಬಂತು. ಹೊಗೆಯ ಕೆಳಗಿನದನ್ನು ಆಮೇಲೆ ಕಾಲ್ನಡಿಗೆಯಲ್ಲಿ ನೋಡಿ ತುಂಬುವುದೆಂದು ಬಿಟ್ಟು, ಉಳಿದದ್ದಕ್ಕೆ ಮೊದಲ ಕರಡು ಬರೆದೆ.

ಹಡಗುಕಟ್ಟೆ, ಎಣ್ಣೆಯ ಟಾಕಿಗಳು, ರೈಲು ಯಾರ್ಡು, ವಿದ್ಯುತ್ ಕೇಂದ್ರ, ಗಿರಣಿಗಳು. ಗಿರಣಿಗಳ ಕೆಳಗೆ, ಯೋಚನೆಯನ್ನೇ ಮಾಡದೆ, ಕೈ ಬರೆದುಬಿಟ್ಟಿತ್ತು: ಎರಡನೆಯ ದರ್ಜೆಯ ಗುರಿ, ಗಿರಣಿ ಕಾರ್ಮಿಕರ ವಸತಿ, ಕಾರಣ, ಯಂತ್ರಕ್ಕಿಂತ ಯಂತ್ರ ನಡೆಸುವವರನ್ನು ಬದಲಿಸುವುದು ಕಷ್ಟ.

ಕರಡು ಟೈಪಾಗುತ್ತಿದ್ದಾಗ ಟೈಪಿಸ್ಟಳ ಯಂತ್ರದ ಸದ್ದು ನಡುವೆ ನಿಂತಿತು. ರಿಬ್ಬನ್ ಬದಲಿಸುತ್ತಿದ್ದಾಳೆ ಎಂದುಕೊಂಡೆ. ಬಹಳ ಹೊತ್ತಾದರೂ ಸದ್ದು ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವಳು ಹಾಳೆಯನ್ನು ನೋಡುತ್ತ ಕೂತಿದ್ದಳು.

“ಇದು ನೀವು ಅಂದಾಜು ಮಾಡಿ ಬರೆದದ್ದಾ, ಅಥವಾ ಹೀಗೆಯೇ ಮಾಡುವುದಾ?” ಎಂದು ಕೇಳಿದಳು.

“ಹೀಂಗ ಮಾಡತಿದ್ವಿ,” ಎಂದೆ.

ಅವಳು ಆಗ ತನ್ನ ವಿಷಯ ಹೇಳಿದಳು. ಅವಳ ತಂದೆ ಬರ್ಮಾದ ಒಂದು ಜಂಕ್ಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದರಂತೆ. ಜಪಾನಿನವರು ಬಂದಾಗ ಉಳಿದ ಹಿಂದೂಸ್ತಾನದವರೆಲ್ಲ ಕಾಲ್ನಡಿಗೆಯಲ್ಲಿ ಹೊರಟರೂ ಇವರು ಹೊರಡಲಾಗಲಿಲ್ಲ, ತಾಯಿಗೆ ದಿನ ತುಂಬಿತ್ತು. ಹಾಗಾಗಿ ಯುದ್ಧ ಮುಗಿಯುವವರೆಗೆ ರೈಲ್ವೆ ಕ್ವಾರ್ಟರ್ಸಿನಲ್ಲೇ ಉಳಿದರು. ಅಲ್ಲಿ ಹುಟ್ಟಿದ ತಮ್ಮನಿಗೆ ಎರಡು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ವಿಮಾನಗಳು ಬಂದವು. ಬಂದವರು ಬ್ರಿಟಿಷರು, ನಮ್ಮ ಕಡೆಯವರೇ ಎಂದು ಇವರೆಲ್ಲ ಅಂಗಳಕ್ಕೆ ಬಂದು ನಿಂತು ನೋಡಿದರಂತೆ. ಯಾರ್ಡು ಇದ್ದದ್ದು ಅತ್ತ ಕಡೆ. ಬಾಂಬು ಬಿದ್ದದ್ದು ಇತ್ತ ಕಡೆ. ತಮ್ಮನೂ ಅವನನ್ನು ಎತ್ತಿಕೊಂಡಿದ್ದ ನೆರೆಮನೆಯ ಅಜ್ಜಿಯೂ ಹೋದರು.

“ತಪ್ಪಿ ಬಿದ್ದದ್ದು ಅಂತ ಅಪ್ಪ ಹೇಳ್ತಿದ್ರು,” ಎಂದಳು. “ನಾವು ಕೂಡ ಹಾಗೇ ಅಂದ್ಕೊಂಡದ್ದು. ಯಾರೋ ಕೂತು ಬರೆದು ಕೊಟ್ಟಿರ್ತಾರೆ ಅಂತ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.”

ನಾನು ಊರಿನ ಹೆಸರು ಕೇಳಿದೆ. ಅವಳು ಹೇಳಿದಳು. ಅದು ನನ್ನ ಮೇಜಿಗೆ ಬಂದ ಊರಾಗಿರಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಯಿತು, ಹಾಗೆ ಇಳಿದದ್ದಕ್ಕೆ ಕೂಡಲೇ ನಾಚಿಕೆಯೂ ಆಯಿತು. ಪಕ್ಕದ ಮೇಜಿನಲ್ಲಿ ನನ್ನಂಥವನೇ ಇನ್ನೊಬ್ಬ ಕೂತಿದ್ದ. ಅವನ ಗೆರೆಯೂ ನಡುಗುತ್ತಿರಲಿಲ್ಲ. ಅವಳಿಗೆ ಇದನ್ನು ಹೇಳಿದೆ. ಅವಳು ಟೈಪು ಮುಂದುವರಿಸಿದಳು. ಆ ಸಾಲನ್ನೂ ಟೈಪು ಮಾಡಿದಳು.

ಎರಡು ದಿನ ಬಿಟ್ಟು ಕರಡನ್ನು ಮುಖ್ಯಸ್ಥರೂ ಸಲಹೆಗಾರರೂ ಓದಿದರು. ಮುಖ್ಯಸ್ಥರಿಗೆ ಎರಡು ಆಕ್ಷೇಪ ಇದ್ದವು. ಒಂದು, ನನ್ನ ವೃತ್ತಗಳು ತೀರ ದೊಡ್ಡವು. ಗಿರಣಿಗಳ ವೃತ್ತಗಳೆಲ್ಲ ಒಂದರ ಮೇಲೊಂದು ಹಾಯ್ದು ಇಡೀ ಪರೇಲು ಕೆಂಪಾಗಿತ್ತು. ಇನ್ನೊಂದು, ಕಾರ್ಮಿಕರ ವಸತಿ ಎಂಬ ಸಾಲು. ಜನರ ಮನೆಗಳು ಯುದ್ಧದ ಗುರಿಗಳಲ್ಲ, ಸಭ್ಯ ದೇಶಗಳು ಒಪ್ಪಿಕೊಂಡ ನಿಯಮ ಅದು, ಸರ್ಕಾರದ ಕಾಗದದಲ್ಲಿ ನಾವೇ ಹೀಗೆ ಬರೆದರೆ ಏನರ್ಥ ಎಂದರು. ಸಿಮೆಂಟು ಸಿಗುವುದೇ ಕಷ್ಟ, ಆಸರೆಗಳನ್ನು ಗಿರಣಿಗಳ ಗೋಡೆಯೊಳಗೆ, ಪಾಳಿಯಲ್ಲಿ ಇರುವವರಿಗಷ್ಟೇ ಕಟ್ಟುವುದೆಂದು ಮೇಲೆ ಆಗಲೇ ಮಾತಾಗಿದೆ ಎಂಬುದನ್ನೂ ಸೇರಿಸಿದರು. ಸೈರನ್ನಿನ ಬದಲು ಗಿರಣಿಗಳ ಭೋಂಗಾಗಳನ್ನೇ ಊದಿಸಬಹುದು. ಪಾಳಿ ಬದಲಾಗುವಾಗ ಊದುವ ಆ ಶಿಳ್ಳು ಇಡೀ ಪರೇಲಿಗೆ ಕೇಳಿಸುತ್ತದೆ, ಹೊಸ ಖರ್ಚು ಬೇಡ ಎಂಬುದು ಅವರದೇ ಸಲಹೆ. ಅವರು ಕೆಟ್ಟವರಲ್ಲ. ಇದ್ದ ಸಾಮಾನಿನಲ್ಲಿ ಏನಾದೀತು ಎಂದು ಲೆಕ್ಕ ಹಾಕುವವರು.

ಸಲಹೆಗಾರರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಅಭಿಪ್ರಾಯ ಕೇಳಿದಾಗ, ಪೈಲಟ್ಟಿಗೆ ಯಾವಾಗಲೂ ಒಂದು ಬಿಂದುವನ್ನು ಕೊಡುತ್ತಾರೆ, ಮನೆಗಳ ಮೇಲೆ ಹಾಕು ಎಂದು ತನಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಎಂದಷ್ಟೇ ಹೇಳಿದರು.

ನಾನು ವಾದಿಸಲಿಲ್ಲ. ನಿಜ ಹೇಳಬೇಕೆಂದರೆ ಆ ಸಾಲು ಹೋದದ್ದು ಹಗುರವೆನಿಸಿತು. ಹತ್ತು ವರ್ಷದ ಹಿಂದೆ ಯಾರಾದರೂ ಹೀಗೆ ಹೊಡೆದುಹಾಕು ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಚಾಳುಗಳ ಸುತ್ತ ಎಳೆದ ಕೆಂಪು ಗೆರೆಯನ್ನು ರಬ್ಬರಿನಿಂದ ಅಳಿಸಿದೆ. ವೃತ್ತಗಳನ್ನು ಅರ್ಧಕ್ಕೆ ಇಳಿಸಿದೆ. ಪರೇಲು ಮತ್ತೆ ಬೆಳ್ಳಗಾಯಿತು.

ಹೊಗೆಯ ಕೆಳಗಿನ ಭಾಗ ಉಳಿದಿತ್ತು. ಒಂದು ಬೆಳಿಗ್ಗೆ ಟ್ರೇಸಿಂಗ್ ಹಾಳೆ, ಹೆಜ್ಜೆ ಅಳತೆಗೆ ಒಂದು ನೋಟುಬುಕ್ಕು ಹಿಡಿದು ಪರೇಲಿಗೆ ನಡೆದೆ. ಫೋಟೋದಲ್ಲಿ ಕಾಣದ ಗಿರಣಿಯ ಗೋಡೆ ಸುತ್ತು ಹಾಕಿದೆ. ಗೋಡೆಯ ಒಂದು ಬದಿಗೆ ಉದ್ದಕ್ಕೂ ಮೂರು ಮಾಳಿಗೆಯ ಚಾಳು. ಗೋಡೆಗೂ ಚಾಳಿಗೂ ನಡುವೆ ಹತ್ತೊಂಬತ್ತು ಹೆಜ್ಜೆ. ಬರೆದುಕೊಂಡೆ. ನಾನು ಹೆಜ್ಜೆ ಎಣಿಸುವುದನ್ನು ಕಂಡು ನೀರು ತುಂಬುತ್ತಿದ್ದ ಹೆಂಗಸರು ಕೊಡ ಕೆಳಗಿಟ್ಟರು. ಚಾಳು ಕೆಡವಲು ಅಳತೆಗೆ ಬಂದವನೆಂದು ಅವರ ಅಂದಾಜು. ಒಬ್ಬಳು ಯಾರನ್ನೋ ಎಬ್ಬಿಸಿ ಕರೆತಂದಳು.

ಅವನು ಕೊಂಕಣದ ಕಡೆಯ ನೇಕಾರ, ನಡುವಯಸ್ಸಿನವನು, ರಾತ್ರಿ ಪಾಳಿ ಮುಗಿಸಿ ಆಗತಾನೇ ಮಲಗಿದ್ದವನು. ಕೆಡವಲು ಬಂದಿಲ್ಲ, ಬೆಂಕಿ ಗಿಂಕಿ ಬಿದ್ದರೆ ಜನ ಎಲ್ಲಿಗೆ ಹೋಗಬೇಕೆಂದು ನೋಡುತ್ತಿದ್ದೇನೆ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವನು ನಂಬಿದನೋ ಬಿಟ್ಟನೋ, ಒಳಗೆ ಕರೆದು ತೋರಿಸಿದ. ಒಂದು ಕೋಣೆಯಲ್ಲಿ ಎಷ್ಟು ಜನ ಎಂದರೆ ಯಾವ ಪಾಳಿಯಲ್ಲಿ ಎಂದು ತಿರುಗಿ ಕೇಳಿದ. ಒಬ್ಬ ಎದ್ದು ಗಿರಣಿಗೆ ಹೋಗುತ್ತಾನೆ, ಗಿರಣಿಯಿಂದ ಬಂದವನು ಅದೇ ಹಾಸಿಗೆಯಲ್ಲಿ ಮಲಗುತ್ತಾನೆ. ಬರ್ಮಾದಲ್ಲಿ ಮಾಡಿನ ಅಗಲ ಅಳೆದು ಒಳಗೆ ಎಷ್ಟು ಜನವೆಂದು ಲೆಕ್ಕ ಹಾಕುತ್ತಿದ್ದೆವು. ಆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ಅಲ್ಲಿ ಮಾತ್ರ ಬಂದಿತ್ತೇ ಎಂದೂ ಮೊದಲ ಸಲ ಅನುಮಾನವಾಯಿತು.

ಮಾತು ನಡೆದಿರುವಾಗಲೇ ಗಿರಣಿಯ ಭೋಂಗಾ ಊದಿತು. ಹೊತ್ತಲ್ಲದ ಹೊತ್ತು. ಯಾವುದೋ ಪರೀಕ್ಷೆಗೆಂದು ಊದಿದ್ದಾಗಿ ಆಮೇಲೆ ತಿಳಿಯಿತು. ಆದರೆ ಆ ಕ್ಷಣಕ್ಕೆ ಯಾರಿಗೂ ತಿಳಿದಿರಲಿಲ್ಲ. ಚಾಳಿನ ಬಾಗಿಲುಗಳು ತೆರೆದವು. ಮೆಟ್ಟಿಲ ಮೇಲೆ ಧಡಧಡ ಸದ್ದು. ಗಂಡಸರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಹೆಂಗಸರು ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು, ಎಲ್ಲರೂ ಓಡಿದ್ದು ಗಿರಣಿಯ ಗೇಟಿಗೆ. ಬೆಂಕಿ ಬಿದ್ದಿತೇನೋ, ಒಳಗಿರುವ ನಮ್ಮವನಿಗೆ ಏನಾಯಿತೋ ಎಂಬ ಆತಂಕ. ಕಾವಲಿನವನು ಗೇಟು ಹಾಕಿದ್ದ. ಗೋಡೆಗೂ ಚಾಳಿಗೂ ನಡುವಿನ ಆ ಹತ್ತೊಂಬತ್ತು ಹೆಜ್ಜೆಯ ಓಣಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಕಾಲಿಡಲು ಜಾಗವಿರಲಿಲ್ಲ.

ನಾನು ಮೊದಲ ಮಾಳಿಗೆಯ ಕಟಕಟೆ ಹಿಡಿದು ನಿಂತಿದ್ದೆ. ಕೆಳಗೆ ಬರೀ ತಲೆಗಳು.

“ಭೋಂಗಾ ಊದಿದಾಗ ನೀವೆಲ್ಲ ಯಾವಾಗಲೂ ಅಲ್ಲಿಗೇ ಹೋಗುತ್ತೀರಾ?” ಎಂದು ನೇಕಾರನನ್ನು ಕೇಳಿದೆ.

“ಮತ್ತೆಲ್ಲಿಗೆ ಹೋಗಬೇಕು?” ಎಂದ. “ಅದು ಕರೆಯುವುದೇ ಅಲ್ಲಿಗೆ.”

ಮಧ್ಯಾಹ್ನ ಆಫೀಸಿಗೆ ಬಂದೆ. ಟೈಪಿಸ್ಟ್ ತಿದ್ದಿದ ಕರಡನ್ನು ಮುಗಿಸಿ ನನ್ನ ಮೇಜಿನ ಮೇಲೆ ಇಟ್ಟು, ಅಲ್ಲೇ ನಿಂತಳು.

“ಮನೆಗಳದ್ದು ತೆಗೆದಿದ್ದೀರಿ. ಅದು ನನಗೋಸ್ಕರವಾ?”

“ಸಾಹೇಬರು ತಗೀರಿ ಅಂದ್ರು,” ಎಂದೆ. ಸ್ವಲ್ಪ ತಡೆದು, “ನನಗೂ ಅದು ಬ್ಯಾಡಾಗಿತ್ತು,” ಎಂದೆ.

“ನನಗೋಸ್ಕರ ಆದ್ರೆ ತೆಗೀಬೇಡಿ. ಅಲ್ಲಿ ನೀವು ನಮ್ಮನ್ನು ಪಟ್ಟಿಯಿಂದ ತೆಗೆದಿದ್ರೆ ನಾವು ಬದುಕ್ತಿದ್ದೆವು. ಇಲ್ಲಿ ತೆಗೆದ್ರೆ ಯಾರು ಬದುಕ್ತಾರೆ? ಮೇಲಿಂದ ಬರುವವನ ಹತ್ರ ಅವನದ್ದೇ ಪಟ್ಟಿ ಉಂಟಲ್ಲ.” ಅವಳ ದನಿ ಏರಲಿಲ್ಲ. “ನಮಗೆ ಒಬ್ಬರಾದ್ರೂ ಹೇಳಿದ್ರೆ ಆ ದಿನ ಅಂಗಳಕ್ಕೆ ಬರ್ತಿರಲಿಲ್ಲ ನಾವು.”

ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ನಾನು ಆ ಮಧ್ಯಾಹ್ನವೆಲ್ಲ ಏನೂ ಬರೆಯಲಿಲ್ಲ. ಬೆಳಿಗ್ಗೆ ಓಣಿಯಲ್ಲಿ ಕಂಡದ್ದು ಒಂದು ಕಡೆ, ಅವಳ ಮಾತು ಒಂದು ಕಡೆ. ಚಾಳುಗಳನ್ನು ಅಳಿಸಿದಾಗ ನಾನು ಯಾರನ್ನೂ ಉಳಿಸಿರಲಿಲ್ಲ, ನನ್ನ ಕೈಯನ್ನಷ್ಟೇ ತೊಳೆದುಕೊಂಡಿದ್ದೆ. ಶತ್ರು ನನ್ನಂತೆಯೇ ಕಲಿತವನು. ಅವನ ಮೇಜಿನಲ್ಲೂ ನಡುಗದ ಗೆರೆ ಎಳೆಯುವ ಇಪ್ಪತ್ತೆರಡರ ಹುಡುಗ ಇರುತ್ತಾನೆ. ಅವನು ಮನೆಗಳನ್ನು ಬೇಕೆಂದೇ ಗುರುತು ಮಾಡಿಯಾನು. ಮಾಡದಿದ್ದರೂ ಗಿರಣಿಗೆ ಹಾಕಿದ್ದು ಹತ್ತೊಂಬತ್ತು ಹೆಜ್ಜೆ ತಪ್ಪದೆ ಬೀಳಲಾರದು. ಎರಡು ರೀತಿಯಲ್ಲೂ ಸಾಯುವವರು ಅದೇ ಜನ. ಹಾಕಿದವನ ಮನಸ್ಸಿನಲ್ಲಿ ಎರಡಕ್ಕೂ ವ್ಯತ್ಯಾಸ ಇರಬಹುದು. ಇರಲೇಬೇಕು ಎಂದೂ ನನಗೆ ಅನಿಸುತ್ತದೆ, ಇಲ್ಲದಿದ್ದರೆ ಯಾರೂ ಯಾವುದಕ್ಕೂ ಜವಾಬ್ದಾರರಲ್ಲ. ಆದರೆ ಆ ವ್ಯತ್ಯಾಸ ಕೆಳಗೆ ಓಣಿಯಲ್ಲಿ ನಿಂತವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಮರುದಿನ ವೃತ್ತಗಳನ್ನು ಮೊದಲಿನ ಅಳತೆಗೆ ಎಳೆದೆ. ಚಾಳುಗಳ ಸುತ್ತ ಗೆರೆ ಹಾಕಿದೆ. ಹೊಸದಾಗಿ ಎರಡು ಪುಟ ಬರೆದೆ. ಭೋಂಗಾ ಊದಿದಾಗ ಕಂಡದ್ದನ್ನು ಇದ್ದಂತೆಯೇ ಬರೆದು, ಗಿರಣಿಯ ಶಿಳ್ಳನ್ನು ಸೈರನ್ ಮಾಡಿದರೆ ಜನರನ್ನು ಗುರಿಯ ನಡುವಿಗೇ ಕರೆದಂತೆ, ಗೇಟಿನ ಹೊರಗೆ ನಿಲ್ಲಿಸಿ ಕೊಂದಂತೆ ಎಂದು ಹೇಳಿದೆ. ಕಾರ್ಮಿಕರ ಮನೆಗಳು ಗುರಿಯಾಗುತ್ತವೆ ಎನ್ನಲು ಆಧಾರವೇನು ಎಂಬಲ್ಲಿ ಒಂದು ವಾಕ್ಯ ಬರೆಯಲು ಅರ್ಧ ದಿನ ಹಿಡಿಯಿತು. ಕೊನೆಗೆ ಬರೆದೆ: ಯುದ್ಧಕಾಲದಲ್ಲಿ ಈ ವರದಿ ಬರೆಯುವವನೇ ಇಂಥ ಮನೆಗಳನ್ನು ಗುರಿಯೆಂದು ಗುರುತಿಸಿದ್ದಾನೆ.

ಮುಖ್ಯಸ್ಥರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ಇದು ವರದಿಯೋ ತಪ್ಪೊಪ್ಪಿಗೆಯೋ ಎಂದು ಕೇಳಿದರು. ಯುದ್ಧದ ಗುಟ್ಟುಗಳನ್ನು ಹೇಳುವುದಿಲ್ಲವೆಂದು ನೀವು ಸಹಿ ಮಾಡಿಕೊಟ್ಟಿರಬೇಕಲ್ಲ, ನೌಕರಿಗೆ ತೊಂದರೆಯಾದೀತು ಎಂದರು. ಅದು ಬೆದರಿಕೆಯಲ್ಲ, ನಿಜವಾಗಿಯೂ ನನ್ನ ಸಲುವಾಗಿ ಹೇಳಿದ್ದು. ಮನೆಯಲ್ಲಿ ಕೂಸು ಹುಟ್ಟುವುದಿದೆ ಎಂಬುದೂ ಅವರಿಗೆ ಗೊತ್ತಿತ್ತು. ನಾನು ಊರಿನ ಹೆಸರನ್ನಾಗಲಿ ದಳದ ಹೆಸರನ್ನಾಗಲಿ ಬರೆದಿಲ್ಲ, ಆದರೆ ಈ ವಾಕ್ಯ ತೆಗೆದರೆ ಪಟ್ಟಿಗೆ ನನ್ನ ಸಹಿ ಇರುವುದಿಲ್ಲ ಎಂದೆ. ಬೇರೆ ಯಾರಿಂದಾದರೂ ಸಹಿ ಮಾಡಿಸಬಹುದು ಎಂದು ಅವರು ಸಲಹೆಗಾರರತ್ತ ತಿರುಗಿದರು.

ಸಲಹೆಗಾರರು ಆ ಎರಡು ಪುಟಗಳನ್ನು ನಿಧಾನಕ್ಕೆ ಎರಡು ಸಲ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ನನ್ನ ವಾಕ್ಯದ ಕೆಳಗೆ ಒಂದು ಸಾಲು ಬರೆದು ಸಹಿ ಹಾಕಿದರು: ವೃತ್ತದ ಅಳತೆ ಸರಿಯಾಗಿದೆ, ಬಾಂಬು ಹಾಕಿದವರಲ್ಲಿ ನಾನೂ ಒಬ್ಬ. ಮುಖ್ಯಸ್ಥರು ಇಬ್ಬರನ್ನೂ ನೋಡಿ, ಹಾಳೆಗಳನ್ನು ಜೋಡಿಸಿ, ಇನ್ನು ನನ್ನದೇನಿದೆ, ಹೀಗೇ ಹೋಗಲಿ ಎಂದರು. ಅವರೂ ಸಹಿ ಹಾಕಿದರು.

ಮೇಲಿನ ಸಭೆಗೆ ನಮ್ಮನ್ನು ಕರೆಯಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ನಿರ್ಧಾರ ಬಂತು. ಭೋಂಗಾದ ಸಲಹೆಯನ್ನು ಕೈಬಿಡಲಾಗಿತ್ತು. ಪರೇಲಿನಲ್ಲಿ ಬೇರೆಯದೇ ದನಿಯ ಸೈರನ್ನುಗಳು, ಅವುಗಳ ದನಿ ಕೇಳಿದರೆ ಗಿರಣಿಯಿಂದ ದೂರ ಹೋಗಬೇಕೆಂದು ಚಾಳುಗಳಲ್ಲಿ ತಿಳಿಸಿ ಹೇಳುವುದು, ಇಷ್ಟು ಒಪ್ಪಿದ್ದರು. ಚಾಳುಗಳಿಗೆ ಆಸರೆಗಳ ವಿಷಯವನ್ನು ಮುಂದೆ ಪರಿಶೀಲಿಸಲಾಗುವುದು ಎಂದಿತ್ತು. ಹಾಗೆಂದರೆ ಏನೆಂದು ನಾಲ್ವರಿಗೂ ಗೊತ್ತಿತ್ತು. ನನ್ನ ಆ ವಾಕ್ಯದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಓದಿರಲಿಕ್ಕಿಲ್ಲ. ನಿರ್ಧಾರವನ್ನು ಟೈಪಿಸ್ಟಿಗೆ ತೋರಿಸಿದೆ. “ದೂರ ಹೋಗ್ಲಿಕ್ಕಾದ್ರೂ ಹೇಳ್ತಾರಲ್ಲ,” ಎಂದು ಪ್ರತಿಯನ್ನು ಫೈಲಿಗೆ ಸೇರಿಸಿದಳು.

ವಿಭಾಗ ಮುಚ್ಚಿದ ದಿನ ಸಂಜೆ ಸಲಹೆಗಾರರು ನನ್ನ ಜೊತೆ ದಾದರ್ ಸ್ಟೇಷನ್ನಿನವರೆಗೆ ನಡೆದು ಬಂದರು. ಅವರಿಗೆ ಸಾಮಾನ್ಯವಾಗಿ ಕಾರು ಬರುತ್ತಿತ್ತು, ಅಂದು ಕಳಿಸಿಬಿಟ್ಟಿದ್ದರು. ಬೆನ್ನು ನೋವಿಗೆ ಮೆಟ್ಟಿಲು ಹತ್ತಲು ಹೊತ್ತು ಹಿಡಿಯಿತು. ಪ್ಲಾಟ್‌ಫಾರಂ ತುಂಬ ಒದ್ದೆ ಕೊಡೆಗಳು. ಒಂದು ಬೆಂಚು ಸಿಕ್ಕಿತು, ಕೂತೆವು.

ಅವರು ಒಂದು ಊರಿನ ಹೆಸರು ಹೇಳಿದರು. ನದಿ ತಿರುಗುವಲ್ಲಿ ಸೇತುವೆ, ಸೇತುವೆಯ ಪಶ್ಚಿಮಕ್ಕೆ ಯಾರ್ಡು, ಎರಡು ಬೆಟ್ಟಗಳ ನಡುವಿನಿಂದ ಒಳಗೆ ಬರಬೇಕಾಗಿತ್ತು ಎಂದು ಕೈಯಿಂದ ಗಾಳಿಯಲ್ಲಿ ತೋರಿಸಿದರು. ತಿಂಗಳನ್ನೂ ಹೇಳಿದರು.

“ಅದರ ಫೋಟೋ ನಿಮ್ಮಲ್ಲಿಗೆ ಬಂದಿತ್ತೆ?”

ಬಂದಿತ್ತು. ನನ್ನ ಮೇಜಿಗೇ ಬಂದಿತ್ತು. ಅವರು ಹೇಳಲು ಶುರುಮಾಡಿದಾಗಲೇ ನನಗೆ ಗೊತ್ತಾಗಿತ್ತು. “ಬಂದಿತ್ತು,” ಎಂದೆ.

“ಯಾರ್ಡಿನಲ್ಲಿ ಬಿತ್ತೆ?”

“ಸ್ವಲ್ಪ ಬಿತ್ತು.”

“ಉಳಿದದ್ದು?”

“ಬಜಾರಿನ ಮೇಲೆ,” ಎಂದೆ.

ಅವರು ತಲೆ ಆಡಿಸಿದರು. ಮೇಲಿಂದ ಹೊಗೆಯನ್ನಷ್ಟೇ ನೋಡಿದ್ದೆ, ತಿರುಗಿ ಬಂದ ಮೇಲೆ ಯಾರನ್ನೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದರು ಎಂದರು. ಒಂದು ಲೋಕಲ್ ಬಂತು, ಹೋಯಿತು. ಅವರು ಏಳಲಿಲ್ಲ. ಇನ್ನೊಂದು ಬಂತು. ಗದ್ದಲ ಇಳಿದ ಮೇಲೆ, ನನ್ನ ಕಡೆ ನೋಡದೆ ಕೇಳಿದರು.

“ಅಂದು ಸಂತೆ ಇತ್ತೆ?”

ಮರುದಿನದ ಫೋಟೋದಲ್ಲಿ, ಬಜಾರಿನ ಬದಿಯ ಬಯಲಿನಲ್ಲಿ ಸಂತೆಗೆ ಬಂದ ಎತ್ತಿನ ಗಾಡಿಗಳು ಇನ್ನೂ ನಾಲ್ಕು ಸಾಲಾಗಿ ನಿಂತಿದ್ದವು. ನೊಗ ಇಳಿಸಿದ ಗಾಡಿಯ ನೆರಳು ಮೇಲಿನಿಂದ ಬೇರೆಯೇ ಕಾಣುತ್ತದೆ, ಮುಂದಕ್ಕೆ ಬಾಗಿರುತ್ತದೆ. ನಾನು ಅವುಗಳನ್ನು ಎಣಿಸಿ ಬರೆದಿದ್ದೆ.

“ಗೊತ್ತಿಲ್ಲ,” ಎಂದೆ. “ಅದು ಫೋಟೋದಲ್ಲಿ ಕಾಣುವುದಿಲ್ಲ.”

ಮುಂದಿನ ಲೋಕಲ್ ಬಂದಾಗ ಅವರು ನನ್ನ ಭುಜದ ಆಸರೆ ಹಿಡಿದು ಎದ್ದರು, ಜಾಗ ಮಾಡಿಕೊಂಡು ಒಳಗೆ ಹತ್ತಿದರು. ಗಾಡಿ ಹೊರಟ ಮೇಲೂ ನಾನು ಅಲ್ಲೇ ನಿಂತಿದ್ದೆ.